ತಂಬಿಗೆ ಸಾಕು

ಮಾರ್ಚ್ 4, ಮಂಗಳವಾರ

ಈಜುಕೊಳಕ್ಕೆ ಬೆಳಗ್ಗೆ ಯಾರೂ ಬರುವ ಮೊದಲೇ ಹೋದೆ. ನಾನೇ ನಡೆಸುವ ಕೊಳ, ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ, ಆದರೂ ಕಳ್ಳನ ಹಾಗೆ ಅತ್ತಿತ್ತ ನೋಡಿ ಬಾಗಿಲು ತೆಗೆದೆ. ಸಿಲಿಂಡರ್ ಕಟ್ಟಿಕೊಂಡು ಆಳವಿರುವ ಕಡೆ ಇಳಿದು ಸ್ವಲ್ಪ ಹೊತ್ತು ಅಡ್ಡಾಡಿದೆ. ಎಷ್ಟು ಗಾಳಿ ಖರ್ಚಾಯಿತೆಂದು ಮೀಟರ್ ನೋಡಿ ಭಾಗಿಸಿದರೆ ಮನುಷ್ಯ ನಿಮಿಷಕ್ಕೆ ಎಷ್ಟು ಲೀಟರ್ ಉಸಿರಾಡುತ್ತಾನೆ ಅನ್ನುವುದು ಸಿಗುತ್ತದೆ. ಡೈವಿಂಗ್ ಕಲಿಯಲು ಬಂದ ಪ್ರತಿಯೊಬ್ಬರಿಂದಲೂ ನಾನು ಮೊದಲು ಮಾಡಿಸುವ ಕೆಲಸ ಇದು. ಕಡಿಮೆ ಬಂದವರು ಬೀಗುತ್ತಾರೆ, ಜಾಸ್ತಿ ಬಂದವರು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಬೇಡಿ, ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಚಪ್ಪಲಿಯ ಅಳತೆ ಇದ್ದ ಹಾಗೆ ಎಂದು ಅವರಿಗೆ ಭಾಷಣ ಬಿಗಿಯುತ್ತೇನೆ. ನನ್ನದು ಹದಿನೈದು. ಎಷ್ಟೋ ವರ್ಷಗಳಿಂದ ಹದಿನೈದೇ. ಶಿಷ್ಯರು ಬೆನ್ನ ಹಿಂದೆ ನನ್ನನ್ನು ಮೀನಪ್ಪ ಅನ್ನುತ್ತಾರೆ. ಗೊತ್ತಿಲ್ಲದವನ ಹಾಗೆ ಇದ್ದು ಒಳಗೊಳಗೇ ಖುಷಿಪಡುತ್ತೇನೆ.

ಇವತ್ತು ಇಪ್ಪತ್ಮೂರು ಬಂತು.

ಮೀಟರ್ ಕೆಟ್ಟಿರಬೇಕೆಂದು ಬೇರೆ ಮೀಟರ್ ಹಾಕಿಕೊಂಡು ಮತ್ತೆ ಇಳಿದೆ. ಇಪ್ಪತ್ಮೂರೇ. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ್ದೆನಲ್ಲ, ಅದರ ಕೊಡುಗೆ. ಮತ್ತೆ ನೀರಿಗಿಳಿಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ, ಮೊದಲಿನ ಹಾಗಾಗಲು ಸಮಯ ಬೇಕು ಎಂದೂ ಹೇಳಿದ್ದಾರೆ. ಮನೆಯಲ್ಲಿ ಅದರ ಮೊದಲರ್ಧವನ್ನು ಮಾತ್ರ ಹೇಳಿದ್ದೇನೆ.

ವಾಪಸ್ ಬರುವಾಗ ಮನೆಯ ಮೆಟ್ಟಿಲಿನ ಮಧ್ಯದಲ್ಲಿ ಉಸಿರು ಸಾಲದೆ ಹೋಯಿತು. ಮೇಲಿನ ಮನೆಯಾಕೆ ಇಳಿದು ಬರುತ್ತಿದ್ದರು. ಬೂಟಿನ ದಾರ ಕಟ್ಟುವವನ ಹಾಗೆ ಬಗ್ಗಿ ನಿಂತು ಸುಧಾರಿಸಿಕೊಂಡೆ. ಆಮೇಲೆ ನೋಡಿದರೆ ಕಾಲಲ್ಲಿ ಚಪ್ಪಲಿ. ಅವರೂ ಅದನ್ನು ನೋಡಿದರು.

ಮಾರ್ಚ್ 6, ಗುರುವಾರ

ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಭಾನುವಾರದ ಡೈವಿಂಗಿಗೆ ಲೆಕ್ಕ ಹಾಕುವುದಿತ್ತು, ಲೆಕ್ಕ ಅಂದರೆ ಗುಬ್ಬಿಯೇ ಬೇಕು. ಗುಬ್ಬಿ ಅಕ್ಕನ ಮಗಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಿಮಿಷಕ್ಕೆ ಹನ್ನೆರಡೇ ಲೀಟರ್ ಉಸಿರಾಡುವವಳು, ಹಾಗಾಗಿ ಈ ಹೆಸರು ಇಟ್ಟವನು ನಾನು. ಚಿಕ್ಕವಳಿದ್ದಾಗ ಅವಳನ್ನು ಮೊದಲು ನೀರಿಗೆ ಇಳಿಸಿದವನೂ ನಾನೇ. ಆ ಸಿಟ್ಟನ್ನು ಅಕ್ಕ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಊರಾಚೆಯ ಹಳೆ ಕಲ್ಲುಗಣಿಯಲ್ಲಿ ನೀರು ತುಂಬಿ ಕೆರೆಯಾಗಿದೆ. ಅದರ ತಳದಲ್ಲಿ, ಐವತ್ತು ಮೀಟರಿಗಿಂತ ಕೆಳಗೆ, ಹೊರಗೆ ಸಾಗಿಸಲಾಗದೆ ಬಿಟ್ಟುಹೋದ ಒಂದು ಕ್ರೇನ್ ನಿಂತಿದೆ. ಆಳದ ಡೈವಿಂಗ್ ಕಲಿತು ಮುಗಿಸಿದ ಮೇಲೆ ಅದನ್ನು ತೋರಿಸುತ್ತೇನೆಂದು ಗುಬ್ಬಿಗೆ ಮಾತು ಕೊಟ್ಟಿದ್ದೆ. ಕಳೆದ ತಿಂಗಳು ಅವಳು ಕಲಿತು ಮುಗಿಸಿದಳು.

ಗುಬ್ಬಿ ಬೋರ್ಡಿನ ಪೆನ್ನು ಹಿಡಿದು ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲೆಯೇ ಲೆಕ್ಕ ಶುರು ಮಾಡಿದಳು. ಅಕ್ಕ ಸೌಟು ಹಿಡಿದು ನೋಡುತ್ತಾ ನಿಂತಳು.

"ಮುಳುಗೋದಕ್ಕೂ ಲೆಕ್ಕ, ಏಳೋದಕ್ಕೂ ಲೆಕ್ಕ. ಸೀದಾ ಹೋಗಿ ಸೀದಾ ಬರೋಕೆ ಏನಂತೆ ನಿಮಗೆ?"

"ಅಮ್ಮ, ಸೋಡಾ ಬಾಟಲಿ ಮುಚ್ಚಳ ಒಂದೇ ಸಲ ತೆಗೆದ್ರೆ ಏನಾಗುತ್ತೆ?"

"ಉಕ್ಕುತ್ತೆ."

"ಆಳದಲ್ಲಿ ಇದ್ದಾಗ ನಮ್ಮ ಮೈಯೂ ಸೋಡಾ ಬಾಟಲಿನೇ. ಸೀದಾ ಮೇಲೆ ಬಂದ್ರೆ ರಕ್ತದಲ್ಲಿ ಗುಳ್ಳೆ ಏಳುತ್ತೆ. ಅದಕ್ಕೆ ಅಲ್ಲಲ್ಲಿ ನಿಂತು, ಸುಧಾರಿಸ್ಕೊಂಡು, ನಿಧಾನಕ್ಕೆ ಬರ್ಬೇಕು. ಹಾಗೆ ನಿಲ್ಲೋ ಕಡೆ ಉಸಿರಾಡೋಕೆ ಆಮ್ಲಜನಕ ಜಾಸ್ತಿ ಇರೋ ಇನ್ನೊಂದು ಸಿಲಿಂಡರ್ ಪಕ್ಕಕ್ಕೆ ಕಟ್ಕೊಂಡಿರ್ತೀವಿ. ಅದು ಎಷ್ಟು ದೊಡ್ಡದು ಬೇಕು ಅನ್ನೋದೇ ಈ ಲೆಕ್ಕ."

ಆ ಸಿಲಿಂಡರಿನಲ್ಲಿ ನಮ್ಮ ಹತ್ತಿರ ಮೂರು ಅಳತೆಯವು ಇವೆ. ಹನ್ನೊಂದು ಲೀಟರಿನದು ಹಂಡೆ, ಏಳರದು ಕೊಡ, ಐದೂವರೆಯದು ತಂಬಿಗೆ. ಹೆಸರಿಟ್ಟವಳು ಗುಬ್ಬಿ. ಹೊಸಬರು, ಉಸಿರು ಜಾಸ್ತಿ ಎಳೆಯುವವರು ಹಂಡೆ ಹೊರುತ್ತಾರೆ. ನಾನು ಯಾವತ್ತೂ ತಂಬಿಗೆಯವನು. ಗುಬ್ಬಿಯ ಬಲಹೆಗಲು ಹಿಂದೊಮ್ಮೆ ಉಳುಕಿದ್ದರಿಂದ ಗಣಿಯ ಇಳಿಜಾರಿನಲ್ಲಿ ಹಂಡೆ ಹೊತ್ತರೆ ಅವಳಿಗೆ ನೋವು ಕೊಡುತ್ತದೆ.

ಇದರಲ್ಲಿ ಒಂದು ನಿಯಮ ಉಂಟು, ಅದನ್ನು ಅವಳಿಗೆ ಕಲಿಸಿದವನು ನಾನು. ನೀರಿನೊಳಗೆ ಇಬ್ಬರಲ್ಲಿ ಒಬ್ಬರ ಸಿಲಿಂಡರ್ ಕೈಕೊಟ್ಟರೆ ಇನ್ನೊಬ್ಬರದು ಇಬ್ಬರಿಗೂ ಆಗಿಬರಬೇಕು. ಆದ್ದರಿಂದ ನಿನ್ನ ಸಿಲಿಂಡರಿನ ಅಳತೆ ನಿನ್ನ ಉಸಿರಿನದಲ್ಲ, ಇಬ್ಬರಲ್ಲಿ ಯಾರ ಉಸಿರು ದೊಡ್ಡದೋ ಅವರದು.

"ನನ್ನದು ಹನ್ನೆರಡು. ನಿನ್ನದು ಮಾವ?"

ಕೇಳಿದ್ದು ಹಲ್ಲುಜ್ಜಿದೆಯಾ ಎಂದು ಕೇಳುವಷ್ಟು ಸಲೀಸಾಗಿ. ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ, ಒಲೆಯ ಕಡೆ ತಿರುಗಿದ್ದಳು. ಯಾರ ಒತ್ತಾಯವೂ ಇರಲಿಲ್ಲ.

"ಹದಿನೈದು," ಎಂದೆ. "ಕೇಳಬೇಕಾ?"

ಅವಳು ಬರೆದಳು. ನಿಲ್ಲುವ ನಿಮಿಷ, ಅಲ್ಲಿನ ಒತ್ತಡ, ಹದಿನೈದು, ಮೇಲೆ ಅರ್ಧದಷ್ಟು ಆಪತ್ತಿಗೆಂದು. ಗುಣಿಸಿ ಕೆಳಗೆ ಗೆರೆ ಎಳೆದಳು.

"ತಂಬಿಗೆ ಸಾಕು! ಅಬ್ಬ, ನನ್ನ ಹೆಗಲು ಬದುಕ್ತು."

ಅವಳ ಹೆಗಲಿಗೆ ಒಳ್ಳೆಯದೇ ಆಯಿತು. ಹೀಗೆ ಬರೆದು, ನಾನೇ ಓದಿ, ಪುಸ್ತಕ ಮುಚ್ಚಿದೆ.

ಮಾರ್ಚ್ 8, ಶನಿವಾರ

ಗ್ಯಾಸ್ ತುಂಬಿಸುವ ಅಂಗಡಿಗೆ ಹೋಗಿ ಎರಡು ತಂಬಿಗೆ ತುಂಬಿಸಿಕೊಂಡು ಬಂದೆ. ಅಂಗಡಿಯವರು, "ಹಂಡೆ ಎರಡು ಸುಮ್ಮನೆ ಕೂತಿವೆ, ಬೇಕಾದ್ರೆ ಒಯ್ಯಿರಿ, ಆಳ ಅಂತಿದ್ದೀರಲ್ಲ" ಎಂದರು. ಅಲ್ಲೇ ಇಬ್ಬರು ಹೊಸ ಶಿಷ್ಯರು ನಿಂತಿದ್ದರು. ಮೀನಪ್ಪ ಹಂಡೆ ಹೊತ್ತುಕೊಂಡು ಹೋಗುವುದನ್ನು ಅವರು ನೋಡಬೇಕೇ? "ನಮಗೆ ಇದೇ ಮಿಕ್ಕುತ್ತೆ" ಎಂದು ನಕ್ಕೆ.

ಅಷ್ಟಕ್ಕೂ ಅರ್ಧದಷ್ಟು ಹೆಚ್ಚಿಗೆ ಇಟ್ಟೇ ಇದ್ದೇವೆ. ಎಲ್ಲ ಸರಿಯಾಗಿ ನಡೆದರೆ ಇಪ್ಪತ್ಮೂರಕ್ಕೂ ತಂಬಿಗೆ ಸರಿಸುಮಾರು ಸಾಲುತ್ತದೆ, ನಾನೇ ಗುಣಿಸಿ ನೋಡಿದ್ದೇನೆ. ಎಲ್ಲ ಸರಿಯಾಗಿ ನಡೆದರೆ.

ಮಾರ್ಚ್ 9, ಭಾನುವಾರ

ಗುಬ್ಬಿ ಆಸ್ಪತ್ರೆಯಲ್ಲಿದ್ದಾಳೆ. ನಾನು ಚೆನ್ನಾಗಿದ್ದೇನೆ.

ಮಾರ್ಚ್ 10, ಸೋಮವಾರ

ಬರೆಯದಿದ್ದರೆ ನಾನೇ ಇದನ್ನು ನಾಳೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ. ಅದಕ್ಕೆ ಬರೆಯುತ್ತೇನೆ.

ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ಟಾರ್ಚಿನ ಬೆಳಕಿಗೆ ಕ್ರೇನಿನ ಕತ್ತು ಕಾಣಿಸಿದಾಗ ಗುಬ್ಬಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು, ಚಿಕ್ಕ ಮಗು ಆಟಿಕೆ ಅಂಗಡಿಯ ಮುಂದೆ ಅಲ್ಲಾಡಿಸುವ ಹಾಗೆ. ಕ್ರೇನಿನ ಕೋಣೆಯೊಳಗೆ ಕೂತು ಸ್ಟೇರಿಂಗ್ ಹಿಡಿದಳು. ಹೊರಡುವ ಹೊತ್ತಿಗೆ, ವಾಪಸ್ ದಾರಿ ತಪ್ಪದಿರಲೆಂದು ನಾನು ಬಿಡುತ್ತಾ ಬಂದಿದ್ದ ಹಗ್ಗ ಕ್ರೇನಿನ ಕಬ್ಬಿಣಕ್ಕೂ ನನ್ನ ಕಾಲಿಗೂ ಸುತ್ತಿಕೊಂಡಿತು. ಗುಬ್ಬಿ ಚಾಕು ತೆಗೆದು ಎಳೆ ಎಳೆಯಾಗಿ ಕತ್ತರಿಸಿ ಬಿಡಿಸಿದಳು. ಅಷ್ಟರಲ್ಲಿ ತಳದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದ್ದಾಗಿತ್ತು. ತಳದಲ್ಲಿ ಕೆಲವು ನಿಮಿಷ ಜಾಸ್ತಿ ಅಂದರೆ ಮೇಲೆ ಬರುವಾಗ ನಿಲ್ಲುವ ಹೊತ್ತು ಎಷ್ಟೋ ಜಾಸ್ತಿ.

ಆದರೂ ಗಾಬರಿಯಾಗುವಂಥದ್ದೇನೂ ಅಲ್ಲ. ಹೀಗೂ ಆದೀತೆಂದೇ ಆಪತ್ತಿನ ಪಾಲು ಇಟ್ಟಿರುವುದು. ನನ್ನ ಉಸಿರು ಹದಿನೈದೇ ಆಗಿದ್ದರೆ ಎರಡು ತಂಬಿಗೆಯಲ್ಲಿ ಇಬ್ಬರೂ ಕ್ಷೇಮವಾಗಿ ಮೇಲೆ ಬರುತ್ತಿದ್ದೆವು. ಇದನ್ನು ಇವತ್ತು ಲೆಕ್ಕ ಮಾಡಿ ನೋಡಿದೆ.

ಮೇಲಿನಿಂದ ಆರು ಮೀಟರಿನಲ್ಲಿ ಕೊನೆಯ ನಿಲುಗಡೆ, ಅದೇ ಎಲ್ಲಕ್ಕಿಂತ ಉದ್ದದ್ದು. ಅಲ್ಲಿಗೆ ಬಂದು ಸ್ವಲ್ಪ ಹೊತ್ತಿಗೆ ನನ್ನ ತಂಬಿಗೆ ಮುಗಿಯಿತು. ಬೆನ್ನಿನ ಸಿಲಿಂಡರನ್ನು ತಳದಲ್ಲೂ ಮೇಲೇರುವ ದಾರಿಯಲ್ಲೂ ಹೀರಿ ಹಿಂಡಿದ್ದೆ. ಕತ್ತಿನ ಮೇಲೆ ಕೈ ಆಡಿಸಿ ನನ್ನಲ್ಲಿ ಇಲ್ಲವೆಂದು ಸನ್ನೆ ಮಾಡಿದೆ. ಗುಬ್ಬಿ ಒಂದು ಕ್ಷಣವೂ ಯೋಚಿಸದೆ ತನ್ನ ಬಾಯಲ್ಲಿದ್ದ ಕೊಳವೆಯನ್ನು ನನಗೆ ಕೊಟ್ಟಳು. ಕೊಡುವಾಗ ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಮುಳ್ಳು ನೂರರ ಹತ್ತಿರ ಇತ್ತು, ಅಂದರೆ ಅರ್ಧ ತುಂಬಿತ್ತು. ತಾನು ಬೆನ್ನಿನ ಸಿಲಿಂಡರಿಗೆ ಹೋದಳು. ಅದು ತಳಕ್ಕೆ ಹೊಂದುವ ಗ್ಯಾಸ್, ಅದನ್ನು ಉಸಿರಾಡಿದರೆ ನಿಲ್ಲುವ ಹೊತ್ತು ಬೇಗ ಕರಗುವುದಿಲ್ಲ. ಹಾಗಾಗಿ ಸರದಿ ಪ್ರಕಾರ ಕೊಳವೆ ಹಂಚಿಕೊಳ್ಳಬೇಕು, ಇಬ್ಬರಿಗೂ ಗೊತ್ತು.

ಅವಳು ತನ್ನ ಎದೆ ಮುಟ್ಟಿ ತೋರಿಸಿದಳು. ನನ್ನ ಸರದಿ, ಎಂದು. ನಾನು ಬೆರಳೆತ್ತಿ, ತಡಿ, ಎಂದೆ. ತಡೆದಳು. ಮತ್ತೆ ಎದೆ ಮುಟ್ಟಿದಳು. ನಾನು ಮತ್ತೆ ಬೆರಳೆತ್ತಿದೆ. ಹೆದರಿಕೆಯಾಗಿತ್ತು. ಎಷ್ಟು ಎಳೆದರೂ ಎದೆ ತುಂಬುತ್ತಿರಲಿಲ್ಲ. ಮೂರನೆಯ ಸಲ ಅವಳು ಕೇಳಲಿಲ್ಲ, ನನ್ನ ಮುಖ ನೋಡುತ್ತಾ ಸುಮ್ಮನಿದ್ದಳು. ನನ್ನ ನಿಲುಗಡೆ ಮುಗಿಯಿತು. ಕೊಳವೆ ಕೊಡೋಣವೆಂದು ನೋಡಿದರೆ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

ಅವಳದ್ದು ಇನ್ನೂ ಬಾಕಿ ಇತ್ತು, ಅಷ್ಟರಲ್ಲಿ ಅವಳ ಬೆನ್ನಿನ ಸಿಲಿಂಡರೂ ಬರಿದಾಗಿ ಉಸಿರಾಡಲು ಏನೂ ಉಳಿದಿರಲಿಲ್ಲ. ಮೇಲೆ ಬಂದಳು.

ದಡದಲ್ಲಿ ಕೂತು, "ಮಾವ, ಹೆಗಲು ನೋಯ್ತಿದೆ. ಇದು ಹಳೇ ನೋವಲ್ಲ" ಎಂದಳು. ಆಮೇಲೆ ಬೆರಳು ಜುಮುಗುಟ್ಟುತ್ತಿದೆ, ತಲೆ ತಿರುಗುತ್ತಿದೆ ಎಂದಳು. ಕಾರಿನಲ್ಲಿದ್ದ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಓಡಿಸಿದೆ. ಅಲ್ಲಿ ಒತ್ತಡದ ಕೋಣೆಯೊಂದಿದೆ, ಮನುಷ್ಯನನ್ನು ಒಳಗಿಟ್ಟು ಮತ್ತೆ ಆಳಕ್ಕೆ ಒಯ್ದ ಹಾಗೆ ಮಾಡಿ ನಿಧಾನವಾಗಿ ತರುತ್ತಾರೆ. ಅದರ ಕಿಟಕಿ ಊಟದ ತಟ್ಟೆಯಷ್ಟು ಅಗಲ. ಒಳಗಿನಿಂದ ನನಗೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಸರಿಯಿದ್ದೇನೆ, ಎಂದು ಸನ್ನೆ ಮಾಡಿದಳು. ನಾನು ಕಲಿಸಿದ್ದೇ ಸನ್ನೆ.

ಮಾರ್ಚ್ 11, ಮಂಗಳವಾರ

ನೋವು ಕಡಿಮೆಯಾಗಿದೆ. ಬೆರಳು ಸರಿಹೋಗಿದೆ. ಇದನ್ನು ಮೊದಲು ಬರೆಯುತ್ತೇನೆ.

ವಾರ್ಡಿಗೆ ಹೋದಾಗ ಡಾಕ್ಟರ್ ಇದ್ದರು, ಅಕ್ಕನೂ ಇದ್ದಳು. ಡಾಕ್ಟರ್, ಏನಾಯಿತೆಂದು ಮೊದಲಿನಿಂದ ಹೇಳಿ ಎಂದರು. ಗುಬ್ಬಿಯೇ ಹೇಳಿದಳು. ಹಗ್ಗದ ವಿಷಯ, ನಿಂತ ಹೊತ್ತು, ಎಲ್ಲ. ನಾನು ಎರಡು ಸಲ ಬೆರಳೆತ್ತಿದ್ದನ್ನು ಹೇಳಲಿಲ್ಲ. ಮರೆತಳೋ ಬಿಟ್ಟಳೋ ತಿಳಿಯದು.

"ನನ್ನ ಲೆಕ್ಕದಲ್ಲೇ ಏನೋ ತಪ್ಪಾಗಿದೆ ಡಾಕ್ಟರೇ. ಸಾಲಬೇಕಾಗಿತ್ತು, ಸಾಲಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಮಾವ, ನಿನಗೆ ಕೊಟ್ಟಾಗ ನನ್ನದರಲ್ಲಿ ಎಷ್ಟಿತ್ತು? ನೂರು ಅಂತ ನನ್ನ ನೆನಪು."

ಎಲ್ಲರೂ ನನ್ನನ್ನು ನೋಡಿದರು. ನೂರು ಎಂದರೆ, ಅಷ್ಟನ್ನೂ ಇವನೊಬ್ಬನೇ ಹೇಗೆ ಮುಗಿಸಿದ ಎಂಬ ಪ್ರಶ್ನೆ ಬರುತ್ತದೆ.

"ಐವತ್ತಿರಬೇಕು ಕಣೆ," ಎಂದೆ.

"ಐವತ್ತಾ?"

"ಐವತ್ತೇ."

ಅವಳ ಹುಬ್ಬು ಗಂಟಾಯಿತು. ಡಾಕ್ಟರ್ ಮೆಲ್ಲಗೆ, "ಕೆಲವರಿಗೆ ಈ ಗುಳ್ಳೆಗಳು ತಲೆಗೂ ಸ್ವಲ್ಪ ತೊಂದರೆ ಕೊಡ್ತವೆ. ಮರೆವು, ಲೆಕ್ಕ ತಪ್ಪೋದು, ಮಾತು ತಡವರಿಸೋದು ಏನಾದ್ರೂ ಕಂಡ್ರೆ ತಕ್ಷಣ ಹೇಳಿ" ಎಂದರು.

ಒಂದು ಸುಳ್ಳಿಗೆ ಇನ್ನೊಂದನ್ನು ಒತ್ತುಕೊಟ್ಟೆ. ಅಲ್ಲಿಂದ ಹೊರಗೆ ಬಂದು ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ತೊಳೆದರೆ ಹೋಗುವಂಥದ್ದಲ್ಲ.

ಮಾರ್ಚ್ 12, ಬುಧವಾರ

ಅಕ್ಕ ಮನೆಗೆ ಬಂದಿದ್ದಳು. ಅವಳು ನಮ್ಮ ಮನೆಗೆ ಬಂದು ಎಷ್ಟು ಕಾಲವಾಗಿತ್ತೋ. ಬೈಯಲು ಬಂದಳೆಂದುಕೊಂಡು ಎದ್ದು ನಿಂತೆ, ಬೈದರೆ ಹಗುರವಾದೀತು ಎಂಬ ಆಸೆಯೂ ಇತ್ತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀನು ಇಲ್ದಿದ್ರೆ ನನ್ನ ಮಗಳು ಅಲ್ಲೇ ಉಳಿದುಬಿಡ್ತಿದ್ಲು ಕಣೋ. ನಿನ್ನ ಮೇಲೆ ಇಷ್ಟು ದಿನ ಸುಮ್ಮನೆ ಹರಿಹಾಯ್ದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದೆಯಂತೆ."

"ಅಕ್ಕ, ಹಾಗಲ್ಲ..."

"ಸುಮ್ನಿರು. ದೊಡ್ಡತನ ತೋರಿಸ್ಬೇಡ."

ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಅದನ್ನು ಅವರು ವಿನಯ ಎಂದುಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನುವುದು ಬರೀ ಮಾತಿಗೆ ಎಂದು ತಿಳಿದಿದ್ದೆ. ನಿಜಕ್ಕೂ ಕಾಲ ಕೆಳಗೆ ನೋಡಿದೆ.

ಮಾರ್ಚ್ 15, ಶನಿವಾರ

ಗುಬ್ಬಿ ಮನೆಗೆ ಬಂದಿದ್ದಾಳೆ. ನೋಡಲು ಹೋದೆ. ಹಣ್ಣು ಒಯ್ದೆ, ತಪ್ಪಿತಸ್ಥರು ಯಾವಾಗಲೂ ಹಣ್ಣು ಒಯ್ಯುತ್ತಾರೆ.

ಅಡುಗೆಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಫ್ರಿಜ್ಜಿನ ಮುಂದೆ ಕೂತಿದ್ದಳು. ಆವತ್ತಿನ ಲೆಕ್ಕ ಹಾಗೇ ಇದೆ. ಅದರ ಸುತ್ತ ಹೊಸ ಲೆಕ್ಕಗಳು, ಕೆಂಪು, ನೀಲಿ, ಫ್ರಿಜ್ಜಿನ ಪಕ್ಕದ ಮೈಯೂ ತುಂಬಿದೆ.

"ಎಷ್ಟು ಸಲ ಮಾಡಿದ್ರೂ ಸಾಲುತ್ತೆ ಅಂತಾನೇ ಬರುತ್ತೆ ಮಾವ. ಹಗ್ಗದ ನಿಮಿಷ ಸೇರಿಸಿದ್ರೂ ಸಾಲುತ್ತೆ. ನಾನು ಹನ್ನೆರಡರ ಬದಲು ಹದಿನೆಂಟು ಉಸಿರಾಡಿದೆ ಅಂತ ಇಟ್ಕೊಂಡೆ, ಇಪ್ಪತ್ತು ಅಂತ ಇಟ್ಕೊಂಡೆ. ಆದ್ರೆ ನಾನು ಹಾಗೆ ಉಸಿರಾಡಿದ್ದು ನನಗೆ ನೆನಪೇ ಇಲ್ಲ. ಮೀಟರಲ್ಲಿ ನೂರು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲದ್ದನ್ನ ಹೇಗೆ ನೋಡಿದೆ?"

"ನೀರೊಳಗೆ ಹಾಗೆಲ್ಲ ಆಗುತ್ತೆ ಬಿಡು. ತಲೆ ಕೆಡಿಸ್ಕೋಬೇಡ."

"ಅದೇ ಭಯ, ಕೆಟ್ಟುಹೋಗಿದೆಯೇನೋ ಅಂತ."

ನಗುತ್ತಾ ಹೇಳಿದಳು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಆಗ ಹೇಳಬಹುದಿತ್ತು. ಅಕ್ಕ ನನಗೆಂದೇ ಕಾಫಿ ತಂದಳು, ಕುಡಿದು ಬಂದೆ.

ಮಾರ್ಚ್ 17, ಸೋಮವಾರ

ಸಮಾಧಾನಗಳು: ಅವಳು ಬದುಕಿದ್ದಾಳೆ. ಇನ್ನೆರಡು ವಾರದಲ್ಲಿ ಮರೆಯುತ್ತಾಳೆ. ಹೇಳಿದರೆ ಅವಳಿಗೇ ನೋವು. ಹಗ್ಗ ಸಿಕ್ಕಿಕೊಂಡದ್ದು ಯಾರ ತಪ್ಪೂ ಅಲ್ಲ.

ಇವತ್ತು ಕ್ಲಾಸಿನಲ್ಲಿ ಒಬ್ಬಳಿಗೆ ಇಪ್ಪತ್ತಾರು ಬಂತು. ಬಟ್ಟೆ ಬದಲಿಸುವ ಕೋಣೆಯ ಪಕ್ಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ಚಪ್ಪಲಿಯ ಅಳತೆಯ ಭಾಷಣ ಬಾಯಿಗೆ ಬರಲಿಲ್ಲ. "ನನ್ನದೂ ಇಪ್ಪತ್ಮೂರು" ಎಂದುಬಿಟ್ಟೆ. ಅವಳು ತಮಾಷೆಯೆಂದು ನಕ್ಕಳು. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಗುರುತಿಲ್ಲದವರ ಮುಂದೆ ಹೇಳುವುದು ಎಷ್ಟು ಸುಲಭ.

ಹೆಂಡತಿ, "ರೀ, ಆಸ್ಪತ್ರೆಯಿಂದ ಬಂದಿದ್ದು ಅವಳು, ಪೇಷಂಟ್ ಥರ ಇರೋದು ನೀವು" ಎಂದಳು. ಊಟ ಸೇರುತ್ತಿಲ್ಲ.

ಮಾರ್ಚ್ 20, ಗುರುವಾರ

ಮಧ್ಯಾಹ್ನ ಅಕ್ಕನ ಫೋನ್. ಗುಬ್ಬಿ ಇವತ್ತು ಸ್ಕೂಲಿಗೆ ಹೋಗಿದ್ದಳಂತೆ. ಬೋರ್ಡಿನ ಮೇಲೆ ಒಂದು ಸಾಧಾರಣ ಲೆಕ್ಕ ಮಾಡಿ, ಉತ್ತರ ಬರೆದು, ಅಳಿಸಿ, ಮತ್ತೆ ಮಾಡಿ, ಅದೇ ಉತ್ತರ ಬಂದರೂ ಮತ್ತೆ ಅಳಿಸಿ, ಕೊನೆಗೆ ಮಕ್ಕಳ ಕಡೆ ತಿರುಗಿ, "ಇದು ಸರಿ ಇದೆಯಾ?" ಎಂದು ಕೇಳಿದಳಂತೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಅವಳು ನಿಜವಾಗಿಯೇ ಕೇಳುತ್ತಿದ್ದಾಳೆಂದು ತಿಳಿದು ಸುಮ್ಮನಾದರು. ಅವಳು ಹೆಡ್‌ಮಿಸ್ ಹತ್ತಿರ ಹೋಗಿ, ತನಗೆ ಪಾಠ ಮಾಡಲು ಆಗುವುದಿಲ್ಲ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಕೊಡಿ, ಇಲ್ಲವಾದರೆ ಕೆಲಸ ಬಿಡುತ್ತೇನೆ ಎಂದಿದ್ದಾಳೆ.

"ಉತ್ತರ ಸರಿಯೇ ಇತ್ತಂತೆ ಕಣೋ," ಅಕ್ಕ ಅಳುತ್ತಿದ್ದಳು. "ಸರಿ ಇದೆ ಅಂತ ಅವಳಿಗೆ ನಂಬಿಕೆ ಬರಲ್ವಂತೆ. ನೀನಾದ್ರೂ ಬಂದು ಒಂದು ಮಾತು ಹೇಳು. ನೀನು ಹೇಳಿದ್ರೆ ಕೇಳ್ತಾಳೆ."

ಆವತ್ತು ವಾರ್ಡಿನಲ್ಲಿ, ಐವತ್ತಿರಬೇಕು ಕಣೆ, ಎಂದೆ. ಕೇಳಿದಳಲ್ಲ.

ಮಾರ್ಚ್ 21, ಶುಕ್ರವಾರ

ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಅವರದ್ದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮಧ್ಯದಲ್ಲಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಯಾರೋ, "ನೀರು ಬೇಕಾ ಸರ್?" ಎಂದು ಕೇಳಿದರು. ಬೇಕು ಎಂದು ಇಸಿದುಕೊಂಡು ಕುಡಿದು, ಮತ್ತೆ ಎದ್ದು ಹತ್ತಿದೆ.

ಗುಬ್ಬಿ ಒದ್ದೆ ಬಟ್ಟೆ ಹಿಡಿದು ಫ್ರಿಜ್ಜಿನ ಲೆಕ್ಕಗಳನ್ನು ಒರೆಸಲು ನಿಂತಿದ್ದಳು. ಅಕ್ಕ ಬೇಳೆ ಆರಿಸುತ್ತಾ ಕೂತಿದ್ದಳು. ಅಕ್ಕ ಎದ್ದು ಒಳಗೆ ಹೋಗಲೆಂದು ಕಾದೆ. ಹೋಗಲಿಲ್ಲ.

"ಒರೆಸಬೇಡ," ಎಂದೆ. "ಹದಿನೈದು ಅಂತ ಇದೆಯಲ್ಲ, ಅಲ್ಲಿ ಇಪ್ಪತ್ಮೂರು ಬರಿ."

"ಯಾಕೆ?"

"ನನ್ನ ಉಸಿರು ಅದು. ಹದಿನೈದಲ್ಲ."

ಕೋಪಿಸಿಕೊಳ್ಳುತ್ತಾಳೆ, ಅಳುತ್ತಾಳೆ, ಬಟ್ಟೆ ಎತ್ತಿ ಮುಖಕ್ಕೆ ಎಸೆಯುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದೆ. ಅವಳು ಬಟ್ಟೆ ಬಿಸಾಡಿ ಪೆನ್ನು ಹುಡುಕಿದಳು. ಸಿಗಲಿಲ್ಲ. ಡಬ್ಬ, ಕಿಟಕಿ, ಅಕ್ಕನ ಮೊರದ ಕೆಳಗೆ ಎಲ್ಲ ತಡಕಿದಳು. ಪೆನ್ನು ಅವಳ ಜಡೆಯಲ್ಲೇ ಸಿಕ್ಕಿಕೊಂಡಿತ್ತು, ನಾನೇ ತೆಗೆದುಕೊಟ್ಟೆ. ಹದಿನೈದನ್ನು ಬೆರಳಿನಿಂದ ಅಳಿಸಿ ಇಪ್ಪತ್ಮೂರು ಬರೆದು ಕೆಳಗೆ ಕೆಳಗೆ ಮಾಡುತ್ತಾ ಹೋದಳು. ಬಾಯಲ್ಲಿ ಗುಣಿಸುತ್ತಿದ್ದಳು. ನನ್ನ ತಂಬಿಗೆ ಎಲ್ಲಿ ಮುಗಿಯಿತು ಅನ್ನುವುದು ಬಂತು. ಆಗ ಅವಳದ್ದರಲ್ಲಿ ಎಷ್ಟು ಉಳಿದಿರಬೇಕು ಅನ್ನುವುದು ಬಂತು.

"ನೂರಕ್ಕೆ ಸ್ವಲ್ಪ ಕಡಿಮೆ," ಎಂದಳು. ನನ್ನ ಕಡೆ ನೋಡದೆ, ಫ್ರಿಜ್ಜಿಗೇ ಹೇಳಿದಳು. "ಮಾವ, ಮೀಟರಲ್ಲಿ ನೂರಿತ್ತಾ?"

"ನೂರಿತ್ತು. ಐವತ್ತು ಅಂದಿದ್ದು ಸುಳ್ಳು."

"ಸರಿ ಬಂತು! ಅಮ್ಮಾ, ಸರಿ ಬಂತು!" ಹೋಗಿ ಅಕ್ಕನನ್ನು ತಬ್ಬಿಕೊಂಡಳು, ಮೊರ ಮಗುಚಿ ಬೇಳೆಯೆಲ್ಲ ಚೆಲ್ಲಿತು. "ನಾನು ನೋಡಿದ್ದು ಸರಿ ಇತ್ತು. ನನಗೆ ಏನೂ ಆಗಿಲ್ಲ ಅಮ್ಮ, ನನ್ನ ತಲೆ ಸರಿ ಇದೆ!" ನಗುತ್ತಾ ಅಳುತ್ತಾ ಇದ್ದಳು. ಇಷ್ಟು ದಿನದಲ್ಲಿ ಅವಳ ಮುಖದ ಮೇಲೆ ಆ ಬೆಳಕನ್ನು ನೋಡಿರಲಿಲ್ಲ. ಅವಳು ಸಂತೋಷಪಡುತ್ತಾಳೆಂದು ನಾನು ಎಣಿಸಿರಲೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದಕ್ಕೆ ಮೈ ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಆ ಸಂತೋಷವನ್ನು ನಿಂತು ನೋಡುವುದು ನನ್ನಿಂದ ಆಗಲಿಲ್ಲ, ಗೋಡೆಯ ಕಡೆ ತಿರುಗಿಕೊಂಡೆ.

ಅಕ್ಕನಿಗೆ ಮೊದಲು ಏನೂ ತಿಳಿಯಲಿಲ್ಲ. ಮಗಳ ಬೆನ್ನು ಸವರುತ್ತಾ ನನ್ನನ್ನು ನೋಡುತ್ತಿದ್ದಳು. ಸ್ವಲ್ಪ ಸ್ವಲ್ಪವೇ ತಿಳಿಯುತ್ತಾ ಬಂತು. ಅವಳ ಕೈ ನಿಂತಿತು.

ಗುಬ್ಬಿ ಮೂಗೊರೆಸಿಕೊಂಡು ಎದ್ದಳು.

"ಯಾವತ್ತು ಗೊತ್ತಾಯ್ತು ನಿನಗೆ?"

"ಆ ವಾರ. ಮಂಗಳವಾರ."

"ನಾನು ಕೇಳಿದ್ದು ಗುರುವಾರ."

"ಹೌದು."

"ಕೊಳವೆ ಕೇಳಿದಾಗ ತಡಿ ಅಂದೆಯಲ್ಲ. ನಿನಗೇನೋ ಗೊತ್ತಿದೆ, ಅದಕ್ಕೆ ತಡಿ ಅಂತಿದ್ದೀಯ ಅಂದ್ಕೊಂಡೆ."

ಹೆದರಿದ್ದೆ ಎಂದು ಹೇಳಬಹುದಿತ್ತು. ಅದು ನಿಜವೇ, ಆದರೆ ಆ ಹೊತ್ತಿಗೆ ಅದನ್ನು ಹೇಳಿದ್ದರೆ ಅವಳು ನನ್ನನ್ನೇ ಸಮಾಧಾನ ಮಾಡಲು ಬರುತ್ತಿದ್ದಳು. ಅವಳು ಅಂಥವಳು.

ಅವಳು ಬಗ್ಗಿ ನೆಲದ ಮೇಲಿನ ಬೇಳೆಯನ್ನು ಅಂಗೈಯಿಂದ ಗುಡ್ಡೆ ಮಾಡತೊಡಗಿದಳು. ನಾನೂ ಬಗ್ಗಲು ಹೋದೆ. "ಬೇಡ," ಎಂದಳು. "ಅಮ್ಮ, ನಾಳೆ ಸ್ಕೂಲಿಗೆ ಹೋಗ್ತೀನಿ. ಹೆಡ್‌ಮಿಸ್‌ಗೆ ನಾನೇ ಹೇಳ್ತೀನಿ." ಅಕ್ಕ ಹೂಂ ಎಂದಳು. ಆಮೇಲೆ ಬೇಳೆ ಗುಡ್ಡೆ ಮಾಡುತ್ತಲೇ, ದನಿ ಏರಿಸದೆ, ನನಗೆ ಹೇಳಿದಳು:

"ಎಲ್ಲದರ ಮೇಲೂ ಅನುಮಾನ ಬಂತು ಮಾವ. ನನ್ನ ಉಸಿರು, ನಿಮಿಷ, ಆಳ, ಮೀಟರು, ನನ್ನ ಕಣ್ಣು, ನನ್ನ ತಲೆ. ಒಂದೊಂದನ್ನೂ ಬದಲಾಯಿಸಿ ಬದಲಾಯಿಸಿ ನೋಡಿದೆ. ನೀನು ಹೇಳಿದ ಹದಿನೈದನ್ನ ಮಾತ್ರ ಮುಟ್ಟಲಿಲ್ಲ."